ಬಿಸಿಲಿಗೆ ತೂಗುಹಾಕಿದ ಹೊಳೆ

ಶಾರದಕ್ಕ ಹೊರವಲಯದ ಪಾಯಿಂಟ್ ಕುಕ್‌ನಿಂದ ಮೆಲ್ಬರ್ನ್ ನಗರದೊಳಗಿನ ಫ್ರೇಮ್ ಅಂಗಡಿಗೆ ನನ್ನನ್ನೂ ಕರೆತಂದಿದ್ದರು. ಕೈಯಲ್ಲಿದ್ದದ್ದು ತೀರಿಹೋದ ಗಂಡ ಕೊಂಡಿದ್ದ ಜಪಾನಿ ಚಿತ್ರ. ಮರದ ಅಚ್ಚಿನಲ್ಲಿ ಮುದ್ರಿಸಿದ ಹೊಳೆ, ಮೇಲೆ ಕೂದಲೆಳೆಯಂಥ ಮಳೆ. ಹೊಳೆ ಮಾತ್ರ ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು.

ಅಂಗಡಿಯ ಮುದುಕ ಫ್ರೇಮ್ ಬಿಚ್ಚಿದ. ಅದರಡಿ ಮುಚ್ಚಿದ್ದ ಅಂಚಿನಲ್ಲಿ ಬೆರಳಗಲದ ನೀಲಿ ಹಾಗೇ ಉಳಿದಿತ್ತು.

"ಹೂವಿನ ರಸದ ಬಣ್ಣ. ಬೆಳಕು ಬಿದ್ದರೆ ಮಾಸಿಹೋಗುತ್ತದೆ," ಎಂದು ಇಂಗ್ಲಿಷಿನಲ್ಲಿ ಹೇಳಿದ.

ಅಕ್ಕ ನನ್ನ ಕಡೆ ತಿರುಗಿದರು. "ನಮ್ಮನೆಯವರು ಇದನ್ನ ಕಪಾಟಿನಿಂದ ಹೊರಗೇ ತೆಗೀತಿರ್ಲಿಲ್ಲ ಮಾರಾಯ್ತಿ. ಎಷ್ಟು ಜಗಳ ಮಾಡಿದ್ದೆ! ಹೋದ ಮೇಲೆ ನಾನೇ ಫ್ರೇಮ್ ಹಾಕಿಸಿ, ದೇವರ ಫೋಟೋ ಪಕ್ಕ, ಬೆಳಗಿನ ಬಿಸಿಲು ಬೀಳುವಲ್ಲಿ ತೂಗುಹಾಕಿದ್ದು."

ಮುದುಕ ಹೊಸ ಫ್ರೇಮಿನ ಮಾದರಿಗಳನ್ನು ಮುಂದಿಟ್ಟ. ಅಕ್ಕ ಅವನ್ನು ನೋಡಲಿಲ್ಲ. ಉಳಿದಿದ್ದ ನೀಲಿಯ ಮೇಲೆ ಅಂಗೈ ಅಡ್ಡ ಹಿಡಿದು, ಮೇಜಿನ ಮೇಲಿನ ದೀಪ ಆರಿಸಲು ಅವನಿಗೆ ಹೇಳಿದರು.