ಆಲಮೇಲದಾಕಿಯ ಹೆಸರು

ಬೆಲೆ ಕೇಳುವುದರಲ್ಲಿ ನಾನು ಯಾರಿಗೂ ಸೋತವನಲ್ಲ. ನಮ್ಮೂರು ಇಂಡಿಯ ಪೇಟೆಯಲ್ಲಿ ಲಿಂಬೆಹಣ್ಣಿನ ಚೀಲ ಕಂಡರೆ ನನ್ನ ಕೈ ಹೋಗುವುದು ತಳಕ್ಕೆ. ಮೇಲಿನ ಹಣ್ಣು ಎಲ್ಲರದೂ ಚೆಂದವೇ ಇರುತ್ತದೆ. ಹೆಸರು ಕೇಳುವುದರಲ್ಲಿ ಮಾತ್ರ ನಾನೆಂಥ ದಡ್ಡನೆಂಬುದು ಮೊಮ್ಮಗಳು ಹುಟ್ಟಿದಾಗ ಗೊತ್ತಾಯಿತು.

ಕೂಸನ್ನು ತೊಟ್ಟಿಲಿಗೆ ಹಾಕಲು ಮೂರು ದಿನ ಇತ್ತು. ನನ್ನ ಅವ್ವ ಹಟ ಹಿಡಿದಳು: "ಈ ಮನಿ ಕಟ್ಟಿದಾಕಿ ಹೆಸರ ಇಡ್ರಿ. ಅದೊಂದ ಕಿವಿಗೆ ಬಿದ್ರ ನನಗ ಸಾಕು."

ಮನೆ ಕಟ್ಟಿದವಳೆಂದರೆ ನನ್ನ ಮುತ್ತಜ್ಜ ಸಿದ್ದಪ್ಪನ ಹೆಂಡತಿ. ನೂರು ವರ್ಷಕ್ಕೂ ಹಿಂದಿನ ಗಂಡಹೆಂಡಿರು. ಆಕೆಯ ಹೆಸರೇನೆಂದು ಕೇಳಿದೆ. "ಆಲಮೇಲದಾಕಿ," ಎಂದಳು ಅವ್ವ. ಅದು ಊರ ಹೆಸರಾಯಿತು, ಆಕೆಯದು? "ನಮ್ಮತ್ತಿ ಹಂಗ ಅಂತಿದ್ಲಪಾ."

ನಮ್ಮ ಕಡೆ ಸೊಸೆ ಬರುವಾಗ ಹೆಸರನ್ನು ಚಪ್ಪಲಿಯ ಹಾಗೆ ಹೊರಗೆ ಬಿಟ್ಟು, ತವರೂರನ್ನು ತಲೆಯ ಮೇಲೆ ಹೊತ್ತು ಒಳಗೆ ಬರುತ್ತಾಳೆ. ಅವ್ವ ಚಡಚಣದಾಕಿ, ನನ್ನ ಹೆಂಡತಿ ಮುದ್ದೇಬಿಹಾಳದಾಕಿ. ಜಿಲ್ಲೆಯ ನಕಾಶೆ ಬೇಕಾದವರು ನಮ್ಮ ಅಡುಗೆಮನೆಗೆ ಬಂದರೆ ಸಾಕು.

ಮನೆತನಗಳ ವಂಶಾವಳಿಯನ್ನು ಊರೂರು ತಿರುಗಿ ಹೇಳುವ ನಮ್ಮ ಹೆಳವ ಪುಣ್ಯಕ್ಕೆ ಆ ವಾರ ಹೊರ್ತಿಯಲ್ಲಿದ್ದ. ಕರೆಸಿದೆ. ಏಳು ತಲೆಮಾರಿನ ಗಂಡಸರ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿದ. ಹೆಂಗಸರದು?

"ಅದನ್ನ ಬರಿಯೂ ಪದ್ಧತಿ ಇಲ್ರಿ. ಆದ್ರ ಒಂದ ಮಾತ ಹೇಳ್ತಾರ. ಸಿದ್ದಪ್ಪ ಎತ್ತಿನ ಸಂತ್ಯಾಗ ಬರೇ ಹಗ್ಗ ಹಿಡ್ಕೊಂಡ ನಿಲ್ಲಾವ್ರಿ. ಹಿಂದ ಬುತ್ತಿಗಂಟ ಇಟ್ಕೊಂಡ ಆಲಮೇಲದಾಕಿ ಕುಂತಿರಾಕಿ. ಅಕಿ ಸೆರಗ ಸರಿ ಮಾಡ್ಕೊಂಡ್ರ ಎತ್ತ ಕೊಡಾವ. ಕೆಮ್ಮಿದ್ರ ಇಲ್ಲ."

ವ್ಯಾಪಾರದ ಬುದ್ಧಿ ಪೂರ್ತಿ ನನ್ನದೇ ಸಂಪಾದನೆ ಎಂದು ಕಂಡಕಂಡವರಿಗೆ ಹೇಳುತ್ತ ಬಂದವನು ನಾನು. ಅವತ್ತು ಹೆಳವನ ಕಾಣಿಕೆಗೆ ಚೌಕಾಸಿ ಮಾಡಲಿಲ್ಲ.

ತೊಟ್ಟಿಲಿನ ಹಿಂದಿನ ದಿನ ಸಿಂದಗಿಗೆ ಹೋಗಿ ಆಲಮೇಲದ ಬಸ್ಸು ಹಿಡಿದೆ. ಆಕೆಯ ತವರುಮನೆ ಸಿಕ್ಕಿತು. ಕಟ್ಟೆಯ ಮೇಲೆ ಮೂವರು ಅಣ್ಣತಮ್ಮಂದಿರು. ಮೂಲೆಯಲ್ಲಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ಮುದುಕಿ, ಗಂಡ ತೀರಿದ ಮೇಲೆ ತವರಿಗೆ ಮರಳಿದ ಅವರ ಸೋದರತ್ತೆ. ಕೊಳ್ಳುವ ಮಾಲನ್ನು ಮೊದಲೇ ಕೇಳಬಾರದು ನೋಡಿ. ಕಬ್ಬಿನ ಮಾತಾಡಿದೆ, ಭೀಮಾ ನದಿಯ ನೀರಿನ ಮಾತಾಡಿದೆ, ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದೆ. ಮೂವರೂ ತಲೆ ಕೆರೆದುಕೊಂಡರು. "ಇಂಡಿಗೆ ಕೊಟ್ಟಾಕಿ ಅಂತಿದ್ರ ನೋಡ್ರಿ ಹಿರಿಯಾರು."

ಗಂಡನ ಮನೆಯಲ್ಲಿ ಆಲಮೇಲ, ತವರಿನಲ್ಲಿ ಇಂಡಿ. ನಡುವಿನ ದಾರಿಯಲ್ಲಿ ಗಾಡಿಯೊಳಗೆ ಕುಳಿತಾಗ ಮಾತ್ರ ಪಾಪ, ಆಕೆ ತಾನೇ ತಾನಾಗಿ ಇದ್ದಳೇನೋ. ಅವ್ವನಿಗೆ ಏನು ಹೇಳಲಿ ಎಂದುಕೊಳ್ಳುತ್ತ ಎದ್ದೆ.

"ನಿಂದ್ರೋ ತಮ್ಮಾ," ಎಂದಳು ಮುದುಕಿ. "ಎರಡ ತಾಸಾತು, ಗಂಡಸ್ರನ್ನೆಲ್ಲಾ ಕೇಳಿದಿ. ನನ್ನ ಹೆಸರ ಕೇಳಲೇ ಇಲ್ಲಲ್ಲ."

"ಏನ್ರಿ ಅಜ್ಜಿ ನಿಮ್ಮ ಹೆಸರು?"

"ನೀಲವ್ವ. ಇಂಡಿಗೆ ಕೊಟ್ಟಾಕಿ ಹೆಸರ ನನಗ ಇಟ್ಟಾರ. ನಮ್ಮಜ್ಜಗ ಅಕಿ ಅಕ್ಕ. ಅದಕ್ಕ ಅಂವ ನನ್ನ ಸಣ್ಣಾಕಿ ಇದ್ದಾಗೂ ಅಕ್ಕಾ ಅಂತನ ಕರೀತಿದ್ದ."

ಅಣ್ಣತಮ್ಮಂದಿರು ಮುಖ ಮುಖ ನೋಡಿಕೊಂಡರು. ಅವರಿಗೆ ಆಕೆ ಹುಟ್ಟಿದಾಗಿನಿಂದ ಬರೀ ಅತ್ತಿ. ಇನ್ನು ಚೀಲದ ತಳಕ್ಕೆ ಕೈಹಾಕುವ ಜಾಣನಿಗೆ, ಕಣ್ಣೆದುರಿಗಿದ್ದ ಹಣ್ಣೇ ಕಂಡಿರಲಿಲ್ಲ. ನಿಮಗೆ ನನ್ನದೊಂದು ಸಲಹೆ: ಯಾರ ಮನೆಗೆ ಹೋದರೂ ಮೊದಲು ಮೂಲೆಯಲ್ಲಿ ಕುಳಿತವರ ಹೆಸರು ಕೇಳಿ. ಎರಡು ತಾಸಾದರೂ ಉಳಿಯುತ್ತದೆ.

ಎಸ್‌ಟಿಡಿ ಬೂತಿಗೆ ಓಡಿದೆ. ನಮ್ಮ ಮನೆಗೆ ಆಗಿನ್ನೂ ಫೋನು ಬಂದಿರಲಿಲ್ಲ. ಬಾಜೂ ಮನೆಯ ಮಾಸ್ತರರದೇ ಗತಿ. ಯಾವತ್ತೂ "ನಮ್ಮ ಮನ್ಯಾಗಿನಾಕಿನ್ನ ಕರೀರಿ" ಎನ್ನುವವನು, ಅವತ್ತು ಹುರುಪಿನಲ್ಲಿ ಹೆಂಡತಿಯ ಹೆಸರನ್ನೇ ಹಿಡಿದು, "ಶಾಂತವ್ವನ್ನ ಕರೀರಿ," ಎಂದೆ.

"ಯಾವ ಶಾಂತವ್ವರಿ? ಆ ಹೆಸರಿನವ್ರು ಇಲ್ಲಿ ಯಾರೂ ಇಲ್ಲ," ಎಂದು ಮಾಸ್ತರರು ಫೋನು ಇಟ್ಟೇಬಿಟ್ಟರು.

ಇಪ್ಪತ್ತೆಂಟು ವರ್ಷದಿಂದ ಗೋಡೆಗೆ ಗೋಡೆ ಹಚ್ಚಿದ ಮನೆ. ಮತ್ತೆ ಫೋನು ಹಚ್ಚಿ, ಮುದ್ದೇಬಿಹಾಳದಾಕಿಯನ್ನು ಕರೆಯಿರೆಂದೆ. ಒಂದು ನಿಮಿಷದಲ್ಲಿ ಬಂದಳು. ಆಲಮೇಲದಲ್ಲಿ ಸಿಕ್ಕ ಹೆಸರು ಹೇಳಿದೆ. ಜೊತೆಗೇ ಬಂದು ನಿಂತಿದ್ದ ಅವ್ವ "ನೀಲವ್ವ, ನೀಲವ್ವ" ಎಂದು ತನಗೆ ತಾನೇ ಹೇಳಿಕೊಳ್ಳುವುದು ಇಲ್ಲಿಯವರೆಗೆ ಕೇಳಿಸಿತು.

"ಅದಿರ್ಲಿ," ಎಂದಳು ನನ್ನ ಹೆಂಡತಿ, "ಮೊದಲ ಯಾರನ್ನೋ ಕೇಳಿದ್ರಂತಲ್ಲ. ಯಾರ್ರಿ ಅಕಿ ಶಾಂತವ್ವ?"

ನಾನು ಬಾಯಿ ತೆರೆಯುವಷ್ಟರಲ್ಲಿ ಆ ಕಡೆಯಿಂದ ಆಕೆಯ ಸಣ್ಣದೊಂದು ಕೆಮ್ಮು ಕೇಳಿಸಿತು.