ಹೊಸ್ತಿಲಿಲ್ಲದ ಮನೆ

ಹಂಗಳದ ನಮ್ಮ ಹಳೇ ಹೆಂಚಿನ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟುವುದೆಂದು ತೀರ್ಮಾನವಾದಾಗ ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳುವ ರೂಢಿಯೂ ಇರಲಿಲ್ಲ. ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವನವರು, ಮನೆಯ ಯಜಮಾನರು. ಅವರು, ನನ್ನ ಗಂಡ, ಗುಂಡ್ಲುಪೇಟೆಯಿಂದ ಬಂದಿದ್ದ ಇಂಜಿನಿಯರ್, ಮೂವರೂ ಜಗುಲಿಯ ಮೇಲೆ ನಕ್ಷೆ ಹರಡಿಕೊಂಡು ಕೂತಿದ್ದರು. ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಇನ್ನೊಂದು ಕೈಯಲ್ಲಿ ಕಾಫಿ ತಟ್ಟೆ ಹಿಡಿದು ಹೋದೆ. ಕೆಳಗಿನ ಮನೆ ಭಾವನವರಿಗೆ, ಮೇಲಿನದು ನಮಗೆ ಎಂದು ಕಿವಿಗೆ ಬಿತ್ತು. ಮೆಟ್ಟಿಲು ಹೊರಗಿನಿಂದ, ಕಡಿದಾಗಿ, ಜಾಗ ಉಳಿಯುವ ಹಾಗೆ.

ಮಗಳು ಆಗ ಐದು ತುಂಬಿದವಳು. ಹುಟ್ಟಿದಾಗ ಬೇಗ ಅಳಲಿಲ್ಲ. ಮಿದುಳಿಗೆ ಉಸಿರು ಸಾಲದೆ ಕೈಕಾಲು ಸೆಡೆತುಕೊಂಡಿವೆ ಎಂದು ಡಾಕ್ಟರು ಆಮೇಲೆ ಹೇಳಿದ್ದರು. ನಿಲ್ಲಲಾರಳು, ಕೂರಿಸಿದರೆ ಎಡಕ್ಕೆ ವಾಲುತ್ತಾಳೆ. ಮಾತು ಕೆಲವೇ. ಆದರೆ ಯಾರು ತನ್ನ ಬಗ್ಗೆ ಏನು ಹೇಳುತ್ತಿದ್ದಾರೆ ಎಂಬುದು ಅವಳಿಗೆ ಚೆನ್ನಾಗಿ ತಿಳಿಯುತ್ತದೆ.

“ಭಾವ, ಮ್ಯಾಲ್ಗ ನಾವ್ ಹೆಂಗ್ ಹೋಗದು?” ಎಂದೆ.

“ಮೆಟ್ಲು ಅದಲ್ಲವ್ವ.”

“ಕೂಸು?”

“ಎತ್ಕಂಡ್ ಹೋಗು. ಈಗ ಎತ್ಕಂಡಿಲ್ವಾ?”

“ಈಗೇನೋ ಎತ್ತೀನಿ. ಅವ್ಳು ನನ್ನಷ್ಟುದ್ದ ಬೆಳ್ದಾಗ?”

ಭಾವ ನಕ್ಷೆಯಿಂದ ತಲೆಯೆತ್ತಲಿಲ್ಲ. “ಅಷ್ಟೊತ್ಗ ಮೈಸೂರ್ ಕಡ ಎಲ್ಲಾರ ಹಾಸ್ಟೆಲ್‌ಗ ಬುಟ್ರಾಯ್ತು. ಇಂಥ ಕೂಸ್ಗಳ್ಗ ಅಂತ್ಲೇ ಅವ.”

ಅವರು ಕೆಟ್ಟವರಲ್ಲ. ಹಬ್ಬಕ್ಕೆ ಮೊದಲು ನನ್ನ ಮಗಳಿಗೇ ಬಟ್ಟೆ ತರುತ್ತಿದ್ದರು. ಆದರೆ ಆ ಮಾತನ್ನು, ಹಳೇ ಕಿಟಕಿ ಎಲ್ಲಿಗೆ ಹಾಕೋಣ ಎನ್ನುವಷ್ಟೇ ಸಲೀಸಾಗಿ ಆಡಿದರು. ಅವಳು ನನ್ನ ಹೆಗಲಿಗೆ ಮುಖ ಒತ್ತಿಕೊಂಡಳು.

“ಮನ ಬುಡ್ತೀನಿ ಭಾವ, ಇವಳ್ನ ಬುಡಲ್ಲ,” ಎಂದೆ. ಕಾಫಿ ತಟ್ಟೆಯನ್ನು ನಕ್ಷೆಯ ಮೇಲೇ ಇಟ್ಟು ಒಳಗೆ ಬಂದೆ. ಭಾವನ ಎದುರು ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಅಡುಗೆಮನೆಯಲ್ಲಿ ಅತ್ತೆ ಎಸರಿನ ಮುಂದೆ ಹಿಟ್ಟು ಹಿಡಿದುಕೊಂಡೇ ನಿಂತುಬಿಟ್ಟಿದ್ದರು.

ನನ್ನ ಗಂಡ ಮಾತು ಕಮ್ಮಿಯ ಮನುಷ್ಯ. ಗೂಡ್ಸ್ ಆಟೋ ಇಟ್ಟುಕೊಂಡು ಚೆಂಡುಹೂವು, ತರಕಾರಿ ಸಾಗಿಸುತ್ತಾರೆ. ಮರುದಿನ ಬೆಳಿಗ್ಗೆ ಆಟೋ ಒರೆಸುತ್ತಾ, ನನ್ನ ಕಡೆ ನೋಡದೆಯೇ, “ಗುಂಡ್ಲುಪೇಟಲಿ ಬಾಡ್ಗ ಮನ ನೋಡನ,” ಎಂದರು.

ಗುಂಡ್ಲುಪೇಟೆಯೇ ಏಕೆ ಎಂದರೆ, ಅಲ್ಲಿ ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರವಿತ್ತು. ಇಂಥ ಮಕ್ಕಳಿಗೆ ವಾರದಲ್ಲಿ ಗೊತ್ತಾದ ದಿನ ಫಿಸಿಯೋಥೆರಪಿ ಮಾಡಿಸುತ್ತಿದ್ದರು. ನಮ್ಮ ಊರಿಗೆ ಬರುತ್ತಿದ್ದ ವಿಶೇಷ ಟೀಚರ್ ಇದನ್ನು ಹೇಳಿ ಬಹಳ ದಿನವಾಗಿತ್ತು. ಆದರೆ ಹಂಗಳದಿಂದ ಹೋಗಿಬರುವುದೇ ಒಂದು ಯುದ್ಧ. ಊಟಿ ಕಡೆಯಿಂದ ಬರುವ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಹಾರನ್ ಸದ್ದಿಗೆ ಮಗಳ ಮೈಯೆಲ್ಲ ಬಿಲ್ಲಿನಂತೆ ಸೆಟೆದುಕೊಳ್ಳುತ್ತಿತ್ತು. ಆಟೋಗೋ, ಹೂವಿನ ಕಾಲದಲ್ಲಿ ಬಿಡುವೇ ಇಲ್ಲ. ಹೀಗೆ ಹೋದ ವಾರಕ್ಕಿಂತ ಹೋಗದ ವಾರಗಳೇ ಹೆಚ್ಚಾಗಿ, ಸಡಿಲವಾಗಿದ್ದ ಕಾಲು ಮತ್ತೆ ಬಿಗಿಯಾಗುತ್ತಿತ್ತು.

ಮನೆ ಹುಡುಕಲು ಹೊರಟಾಗ ನನ್ನ ಗಂಡ, “ಮೊದ್ಲು ನಾನೊಬ್ನೇ ನೋಡ್ಕ ಬತ್ತೀನಿ. ಮಾತಾದ್ಮ್ಯಾಲ ಕೂಸ್ನ ಕರ್ಕಂಡ್ ಹೋಗನ,” ಎಂದರು.

“ಬ್ಯಾಡ. ಇವಳ್ನ ನೋಡಿ ಕೊಡೋರ್ ಕೊಡ್ಲಿ. ಕದ್ದು ಮುಚ್ಚಿ ಸೇರ್ಕಳಕ ನಾವೇನ್ ಕಳ್ಳರಾ?”

ಮೂವರೂ ಹೋದೆವು. ಒಂದು ಕಡೆ ಕೆಳಗಿನ ಮನೆ ಖಾಲಿಯಿದೆ ಎಂದು ಬೋರ್ಡ್ ನೇತುಹಾಕಿದ್ದವರು, ಮಗಳನ್ನು ಕಂಡ ಕೂಡಲೇ ಅದು ನೆಂಟರಿಗೆ ಕೊಟ್ಟಾಯಿತೆಂದರು. ಇನ್ನೊಂದು ಕಡೆ, “ಇದು ಅಂಟ್‌ಜಾಡ್ಯನಾ?” ಎಂದು ಕೇಳಿದರು. ಮೂರನೆಯ ಮನೆಯಾಕೆ ನಮ್ಮನ್ನು ಕೂರಿಸಿ ನೀರು ಕೊಟ್ಟು, ಮನೆಯನ್ನೂ ತೋರಿಸಿ, ಕೊನೆಗೆ ಸ್ವರ ತಗ್ಗಿಸಿದಳು. “ತಪ್ ತಿಳ್ಕಬ್ಯಾಡವ್ವ. ನಮ್ ಸೊಸೆ ಬಸ್ರಿ. ಬೆಳಗೆದ್ದು ದಿನಾ ಈ ಮಕ ನೋಡಕಾಯ್ತದಾ?”

ನನಗೆ ಅಳು ಬರಬೇಕಿತ್ತು. ಬರಲಿಲ್ಲ, ಮೈಯೆಲ್ಲ ಉರಿದುಹೋಯಿತು. “ನನ್ ಮಗ್ಳ ಮಕ ನೋಡಕ ನೀವು ಪುಣ್ಯ ಮಾಡಿರ್ಬೇಕು ಕಣವ್ವ. ನೀವ್ ಮಾಡಿಲ್ಲ, ಬುಡಿ,” ಎಂದು ಎದ್ದೆ. ಬೀದಿಗೆ ಬಂದ ಮೇಲೆ ನನ್ನ ಗಂಡ ನಕ್ಕರು. ಅವರು ನಕ್ಕಿದ್ದು ನೋಡಿ ಮಗಳೂ ಬಾಯಿ ತುಂಬ ನಕ್ಕಳು. ಆ ಬಿಸಿಲಿನಲ್ಲಿ ಮೂವರೂ ಕಬ್ಬಿನಹಾಲು ಕುಡಿದು ಮುಂದಿನ ಬೀದಿಗೆ ಹೋದೆವು.

ಮನೆ ಕೊಟ್ಟವರು ಕೇರಳದ ಕಡೆಯಿಂದ ಮದುವೆಯಾಗಿ ಬಂದು ಇಲ್ಲೇ ಮುದುಕಿಯಾದ ಒಬ್ಬ ಅಜ್ಜಿ. ನನ್ನನ್ನು ಅವರ ಭಾಷೆಯಲ್ಲಿ ಮಗಳೇ ಎಂದು ಕರೆದು, “ಮೋಳೇ, ಮಗು ಇದ್ರೆ ಏನು? ಮನೇಲಿ ಸ್ವಲ್ಪ ಸದ್ದಿರ್ಲಿ,” ಎಂದರು. ಒಂದು ಕೋಣೆ, ಒಂದು ಅಡುಗೆಮನೆ. ಕೇಂದ್ರಕ್ಕೆ ನಡೆದು ಹೋಗುವಷ್ಟೇ ದೂರ.

ಆ ಕೇಂದ್ರದಲ್ಲಿ ವ್ಯಾಯಾಮ ಕಲಿತದ್ದು ಎಷ್ಟೋ, ಅಲ್ಲಿ ಚಾಪೆಯ ಮೇಲೆ ಕೂರುತ್ತಿದ್ದ ತಾಯಂದಿರಿಂದ ಕಲಿತದ್ದೂ ಅಷ್ಟೇ. ನುಂಗಲು ಕಷ್ಟಪಡುವ ಮಗುವಿಗೆ ಅಂಬಲಿ ಎಷ್ಟು ಗಟ್ಟಿಯಿರಬೇಕು, ಕಾಲುಪಟ್ಟಿ ಉಜ್ಜಿ ಗಾಯವಾಗದಂತೆ ಒಳಗೆ ಯಾವ ಬಟ್ಟೆ ಸುತ್ತಬೇಕು, ಜಿಲ್ಲಾಸ್ಪತ್ರೆಯಲ್ಲಿ ಯಾವ ದಿನ ಹೋದರೆ ಮೂಳೆ ಡಾಕ್ಟರು ಸಿಗುತ್ತಾರೆ, ಪಂಚಾಯ್ತಿಯಲ್ಲಿ ನಮ್ಮಂಥವರ ಕೆಲಸ ನೋಡುವವರು ಯಾರು, ಎಲ್ಲವೂ ಅವರಿಗೆ ಗೊತ್ತು. ಒಬ್ಬರಿಗೆ ತಿಳಿದದ್ದನ್ನು ಇನ್ನೊಬ್ಬರಿಗೆ ಹೇಳದೆ ಯಾರೂ ಎದ್ದು ಹೋಗುತ್ತಿರಲಿಲ್ಲ. ಚಾಮರಾಜನಗರದಲ್ಲಿ ಅಳತೆ ತೆಗೆದು ವೀಲ್‌ಚೇರ್ ಕೊಡುವ ಶಿಬಿರವಿದೆ ಎಂದು ಹೇಳಿದವರೂ ಅವರೇ. ಹೋಗಿ ಅಳತೆ ಕೊಟ್ಟು ಬಂದೆವು. ಕೆಲವು ತಿಂಗಳ ನಂತರ ಕುರ್ಚಿ ಬಂತು. ಬೆನ್ನಿಗೆ ಒರಗು, ಎದೆಗೆ ಪಟ್ಟಿ, ಎಡಕ್ಕೆ ವಾಲದಂತೆ ದಿಂಬು. ಮಗಳನ್ನು ಅದರಲ್ಲಿ ಕೂರಿಸಿದಾಗ ಅವಳು ಕತ್ತು ನೆಟ್ಟಗೆ ಮಾಡಿ, ಯಾರದೋ ಮದುವೆ ನೋಡಲು ಬಂದವರ ಹಾಗೆ ಸುತ್ತ ನೋಡಿದಳು.

ಮನೆಗೆ ತಂದರೆ ಅದು ಬಾಗಿಲಲ್ಲಿ ಹಿಡಿಸಲಿಲ್ಲ. ಬಾಗಿಲು ಇಕ್ಕಟ್ಟು; ಕೆಳಗೆ ಎತ್ತರದ ಹೊಸ್ತಿಲು. ಕುರ್ಚಿ ಹೊರಗೆ, ಮಗಳು ಒಳಗೆ. “ಆಚ, ಆಚ,” ಎಂದು ಅವಳು ಬಾಗಿಲ ಕಡೆ ಕೈ ಚಾಚುತ್ತಿದ್ದಳು. ಪ್ರತಿ ಸಲ ನಾನೇ ಎತ್ತಿ ಹೊರಗೆ ತರಬೇಕು, ನಾನೇ ಎತ್ತಿ ಒಳಗೆ ಒಯ್ಯಬೇಕು. ಅಜ್ಜಿಗೆ ಬೇಜಾರಾಯಿತು. ಆದರೆ ಮನೆ ಅವರ ಮಕ್ಕಳ ಹೆಸರಿನಲ್ಲಿತ್ತು. ಗೋಡೆ ಒಡೆಯಲು ಆ ಮಕ್ಕಳು ಒಪ್ಪಲಿಲ್ಲ. ಬಾಡಿಗೆ ಮನೆ ಎಷ್ಟು ಬದಲಾಯಿಸಿದರೂ ಬಾಗಿಲುಗಳು ಹೀಗೇ ಇರುತ್ತವೆ ಎಂದು ನನಗೆ ಅರ್ಥವಾಯಿತು.

ಅದೇ ಹೊತ್ತಿಗೆ ಹಂಗಳದ ಹೊಸ ಮನೆಯ ಗೃಹಪ್ರವೇಶ ಬಂತು. ಹೋದೆವು. ಮುಂಬಾಗಿಲಿಗೆ ಗ್ರಾನೈಟ್ ಮೆಟ್ಟಿಲು. ನಾನೂ ನನ್ನ ಗಂಡನೂ ಆಚೀಚೆ ಹಿಡಿದು ಕುರ್ಚಿ ಸಮೇತ ಮಗಳನ್ನು ಎತ್ತಿ ಹಾಲ್‌ನ ನಡುವೆ ಇಳಿಸಿದೆವು. ಭಾವ ಹತ್ತಿರ ಬಂದು ಮೆಲ್ಲಗೆ, “ಒಳ ರೂಮ್ಗ ಕರ್ಕಂಡ್ ಹೋಗವ್ವ. ನೆಂಟ್ರೆಲ್ಲ ಬತ್ತಾವ್ರ,” ಎಂದರು.

“ಬರ್ಲಿ ಭಾವ. ಇವಳ್ಗೂ ನೆಂಟ್ರೇ ಅಲ್ವಾ?”

ಅವಳು ಅಲ್ಲೇ ಇದ್ದಳು. ಬಂದವರಿಗೆಲ್ಲ ಕೈ ಎತ್ತಿದಳು. ಕೆಲವರು ಅವಳ ಹತ್ತಿರ ಬಾರದೆ ಸುತ್ತಿಕೊಂಡು ಹೋದರು, ಕೆಲವರು ಕೆನ್ನೆ ಮುಟ್ಟಿದರು. ಊಟವಾದ ಮೇಲೆ ಹಿರಿಯರೆಲ್ಲ ಕೂತು ಎಲೆಯಡಿಕೆ ಹಾಕಿಕೊಳ್ಳುವಾಗ, ನನ್ನ ಗಂಡ ಎದ್ದು ನಿಂತರು. ಅವರು ಏನು ಹೇಳಲಿದ್ದಾರೆಂದು ನನಗೂ ತಿಳಿದಿರಲಿಲ್ಲ.

“ಮ್ಯಾಲಿನ ಮನ ನೀನೇ ಮಡಿಕೊ ಅಣ್ಣ. ನಮ್ಗ ನೆಲ ಕೊಡು. ಗುಂಡ್ಲುಪೇಟ ಕಡ ಇರೋ ಹೊಲ್ದಲ್ಲಿ ರಸ್ತ ಪಕ್ಕದ್ ಮೂಲ ಸಾಕು.”

“ಹುಚ್ಚೇನ್ಲಾ? ಅಪ್ಪನ್ ಮನ ಬುಟ್ಟು ಹೊಲ್ದ್ ಮೂಲೇಲಿ ಇದ್ದೀಯಾ?”

“ನನ್ ಮಗ್ಳ್ಗ ಹತ್ತಕಾಗ್ದ ಮನ ನಂಗ್ಯಾಕಣ್ಣ?”

ಭಾವ ಕೆಲವು ದಿನ ಮಾತು ಬಿಟ್ಟರು. ಆಮೇಲೆ ಬಂಡೀಪುರ ನೋಡಲು ಬರುವವರಿಗೆ ಮೇಲಿನ ಮನೆಯನ್ನು ದಿನದ ಲೆಕ್ಕದಲ್ಲಿ ಕೊಡಬಹುದೆಂದು ಅವರ ಮಗನೇ ಹೇಳಿದ ಮೇಲೆ, ಹೊಲದ ಮೂಲೆ ನಮಗಾಯಿತು. ನನಗೆ ಕಾರಣ ಯಾವುದಾದರೂ ಸರಿಯೇ.

ಹರವೆ ಕಡೆಯ ಗಾರೆ ಮೇಸ್ತ್ರಿ ಪಾಯ ತೆಗೆಯುವ ದಿನವೇ ನಾನು ವೀಲ್‌ಚೇರನ್ನು ಹೊಲಕ್ಕೆ ತರಿಸಿದೆ. ಇದು ತಿರುಗುವಷ್ಟು ಬಚ್ಚಲು, ಇದು ಹಾಯುವಷ್ಟು ಬಾಗಿಲು, ಇವಳ ಕೈಗೆಟುಕುವಷ್ಟು ತಗ್ಗಿನಲ್ಲಿ ಸ್ವಿಚ್ಚು, ರಸ್ತೆಯಿಂದ ಇಳಿಜಾರು ದಾರಿ ಎಂದೆ. ಮೇಸ್ತ್ರಿ ಎಲ್ಲಕ್ಕೂ ತಲೆಯಾಡಿಸಿದರು. ಹೊಸ್ತಿಲು ಬೇಡ ಎಂದಾಗ ಮಾತ್ರ ಕರಣೆ ಕೆಳಗಿಟ್ಟರು.

“ಹೊಸ್ಲಿಲ್ದೆ ನಾನ್ ಮನ ಕಟ್ಟಿಲ್ಲ ಕಣವ್ವ. ಮಳ ನೀರು ಬತ್ತದ, ಹುಳ ಹುಪ್ಪಟ ಬತ್ತದ.”

“ಬಾಗ್ಲಿಂದ ಆಚಗ ಜಾರು ಕೊಡಿ, ನೀರು ಹೊರಕ್ಕೇ ಹೋಯ್ತದ. ಬಾಗ್ಲಡೀಗ ರಬ್ಬರ್ ಪಟ್ಟಿ ಹೊಡ್ಸನ. ಹುಳ ಬಂದ್ರ ನಾನ್ ನೋಡ್ಕತೀನಿ.”

ಸುದ್ದಿ ಹಂಗಳಕ್ಕೆ ಮುಟ್ಟಿತು. ಅತ್ತೆ ಬಸ್ಸು ಹತ್ತಿ ಬಂದುಬಿಟ್ಟರು. ಶುಕ್ರವಾರ ಹೊಸ್ತಿಲು ತೊಳೆದು ಅರಿಶಿನ ಹಚ್ಚದೆ ಬಾಯಿಗೆ ನೀರು ಹಾಕದ ಹೆಂಗಸು ಅವರು. ಅರ್ಧ ಎದ್ದ ಗೋಡೆಗಳ ನಡುವೆ ನಿಂತು, “ಹೊಸ್ಲಿಲ್ದ ಮನ ಮನಯೇನಮ್ಮಿ? ಅರ್ಸ್ನ ಕುಂಕ್ಮ ಎಲ್ಗಿಕ್ಕೀಯ? ಲಕ್ಷ್ಮಿ ಎಲ್ಲಿ ನಿಂತ್ಕಂಡಾಳು?” ಎಂದರು.

“ನಿಂತ್ಕಳದ್ಯಾಕ ಅತ್ತೆ? ಒಳ್ಗೇ ಬರ್ಲಿ. ನನ್ ಮನ ಲಕ್ಷ್ಮಿ ಇವ್ಳೇ. ಇವ್ಳು ಎಡವೋ ಕಡ ನಾನ್ ಅರ್ಸ್ನ ಇಕ್ಕಲ್ಲ.”

ಅತ್ತೆ ಸಿಟ್ಟಾಗಿ ಹೊರಟರೆಂದೇ ತಿಳಿದೆ. ಅವರು ಮೊಮ್ಮಗಳ ಕುರ್ಚಿಯ ಪಕ್ಕ ಮಣ್ಣಿನಲ್ಲೇ ಕೂತು, ಸೆರಗಿನಿಂದ ಅವಳ ಜೊಲ್ಲು ಒರೆಸಿದರು. ಮುಂದಿನ ವಾರ ಮತ್ತೆ ಬಂದಾಗ ಜೊತೆಗೆ ಚಪ್ಪಟೆ ಕಲ್ಲೊಂದನ್ನು ಆಟೋದಲ್ಲಿ ಹಾಕಿಸಿಕೊಂಡು ಬಂದಿದ್ದರು. ಮೇಸ್ತ್ರಿಗೆ, “ಇದನ್ನ ಬಾಗ್ಲಲ್ಲಿ ನೆಲಕ್ಕ ಸಮಾಸಮ ಕೂರ್ಸಪ್ಪ. ಒಂದ್ ಕೂದ್ಲೆಳ ಮ್ಯಾಲ್ ಬರ್ಕೂಡ್ದು,” ಎಂದರು. ನಾನು ಬೇಡವೆನ್ನಲಿಲ್ಲ. ಕಲ್ಲು ಕೂತ ಮೇಲೆ ಕುರ್ಚಿಯನ್ನು ಅದರ ಮೇಲೆ ಹಿಂದೆ ಮುಂದೆ ಓಡಿಸಿ ನೋಡಿದೆ. ಗಾಲಿಗೆ ಅದು ಗೊತ್ತೇ ಆಗಲಿಲ್ಲ.

ಮನೆಯೊಕ್ಕಲಿಗೆ ಭಾವನೂ ಬಂದರು. ಹಾಲಿನ ಪಾತ್ರೆ ಹಿಡಿದು ನಾನು ಮೊದಲು ಹೋಗಬೇಕೆಂದು ಎಲ್ಲರೂ ಅಂದರು. ಮಗಳು ಮೊದಲು ಎಂದೆ. ಗಾಲಿ ತಳ್ಳುವುದನ್ನು ಕೇಂದ್ರದಲ್ಲಿ ಕಲಿತಿದ್ದಳು. ಅವಳ ಬಲಗೈಗೆ ಮಾತ್ರ ಶಕ್ತಿ ಚೆನ್ನಾಗಿದೆ. ಬಲಗಾಲಿ ತಳ್ಳಿದರೆ ಕುರ್ಚಿ ಎಡಕ್ಕೆ ತಿರುಗಿಬಿಡುತ್ತದೆ. ಆಮೇಲೆ ಎಡಗೈ ಮುಷ್ಟಿಯಿಂದ ಎಡಗಾಲಿಯನ್ನು ನೂಕಿ ನೂಕಿ ನೇರ ಮಾಡಿಕೊಳ್ಳಬೇಕು. ಹಾಗೆ ಸೊಟ್ಟಸೊಟ್ಟಗೆ ಇಳಿಜಾರು ಹತ್ತತೊಡಗಿದಳು. ನಡುವೆ ಕುರ್ಚಿ ಹಿಂದಕ್ಕೆ ಜಾರಿತು. ಭಾವ ಥಟ್ಟನೆ ಕೈ ಹಾಕಲು ಹೋದರು.

“ಬುಡಿ ಭಾವ. ಮುಟ್ಬ್ಯಾಡಿ.”

ಪುರೋಹಿತರು ಹೊತ್ತು ಮೀರುತ್ತದೆ ಎಂದು ಗೊಣಗಿದರು. ಮೀರಲಿ ಎಂದು ನಿಂತೆ. ಅವಳ ಹಣೆಯಿಂದ ಬೆವರಿಳಿಯುತ್ತಿತ್ತು, ನಾಲಿಗೆ ಕಚ್ಚಿಕೊಂಡಿದ್ದಳು. ಬಾಗಿಲು ದಾಟಿ ಒಳಗೆ ಹೋಗಿ, ಎದುರಿನ ಗೋಡೆಗೆ ಢಿಕ್ಕಿ ಹೊಡೆದು ನಿಂತು, ನಮ್ಮ ಕಡೆ ತಿರುಗಲಾಗದೆ, ಗೋಡೆಯನ್ನೇ ನೋಡುತ್ತಾ ಗಟ್ಟಿಯಾಗಿ ನಕ್ಕಳು. ಹೊಸ ಸುಣ್ಣದ ಮೇಲೆ ಕುರ್ಚಿಯ ಗುರುತು ಬಿತ್ತು. ಭಾವ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು. ಊಟಕ್ಕೆ ಅವಳ ಪಕ್ಕದಲ್ಲೇ ಕೂತರು.

ಈಗ ಅವಳು ಹತ್ತಿರದ ಸರ್ಕಾರಿ ಶಾಲೆಗೆ ಹೋಗುತ್ತಾಳೆ. ಬೆಳಿಗ್ಗೆ ಅಪ್ಪನ ಆಟೋದಲ್ಲಿ, ಕುರ್ಚಿ ಸಮೇತ, ಹೂವಿನ ಮೂಟೆಗಳ ಜೊತೆ. ಸಂಜೆ ನಾನು ತಳ್ಳಿಕೊಂಡು ಬರುತ್ತೇನೆ. ಓದು ನಿಧಾನ, ಅಕ್ಷರ ತೋರಿಸಿದರೆ ಬೆರಳಿಟ್ಟು ಹೇಳುತ್ತಾಳೆ. ಎಲ್ಲವೂ ಸರಿಹೋಯಿತೆಂದು ನಾನು ಹೇಳುವುದಿಲ್ಲ. ಚಳಿಗಾಲದಲ್ಲಿ ಕಾಲು ಬಿಗಿದು ಅವಳು ಅಳುತ್ತಾಳೆ. ಜನ ಬಸ್ಸಿನ ಕಿಟಕಿಯಿಂದ ಈಗಲೂ ತಿರುಗಿ ತಿರುಗಿ ನೋಡುತ್ತಾರೆ. ಅವಳೂ ಬಿಡದೆ ಅವರನ್ನೇ ನೋಡುತ್ತಾಳೆ.

ಹೋದ ತಿಂಗಳು ನಮ್ಮ ತಾಲ್ಲೂಕಿನದೇ ಮದ್ದೂರಿನಿಂದ ಒಬ್ಬ ತಾಯಿ ನಮ್ಮ ಮನೆ ನೋಡಲು ಬಂದಿದ್ದಳು. ಅವಳ ಮಗನೂ ನಡೆಯಲಾರ. ತಂದಿದ್ದ ಹಗ್ಗದಲ್ಲಿ ಬಾಗಿಲ ಅಗಲ ಹಿಡಿದು ಗಂಟು ಹಾಕಿಕೊಂಡಳು. “ನಮ್ ಮಾವ ಗ್ವಾಡ ಒಡ್ಸಕ ಒಪ್ಪಲ್ಲ ಕಣಕ್ಕ. ನೀನೇ ಒಂದ್ಸಲ ಬಂದು ಹೇಳೀಯಾ?” ಎಂದಳು.

“ಹೇಳದೇನು, ಬತ್ತೀನಿ. ಕೂಸ್ನೂ ಕರ್ಕಂಡ್ ಬತ್ತೀನಿ,” ಎಂದೆ. ಭಾನುವಾರ ಆಟೋಗೆ ಬಾಡಿಗೆ ಒಪ್ಪಿಕೊಳ್ಳಬೇಡಿ ಎಂದು ನನ್ನ ಗಂಡನಿಗೆ ಆಗಲೇ ಹೇಳಿಬಿಟ್ಟೆ.