ತಕರಾರಿನ ಜಮಖಾನ

ಔರಾದ ತಾಲ್ಲೂಕಿನ ಎಕಂಬಾ ಕಡೆಯ ಒಂದು ಶಾಲೆಯಲ್ಲಿ ನಾನು ಅತಿಥಿ ಶಿಕ್ಷಕ. ಅತಿಥಿಗೆ ಉಪಚಾರ ಇರುತ್ತದೆ ಅಂದುಕೊಳ್ಳಬೇಡಿ, ಸಂಬಳವೇ ನೆಂಟರ ಹಾಗೆ ಅಪರೂಪಕ್ಕೆ ಬರುತ್ತದೆ. ಪಾಠಕ್ಕಿಂತ ನನಗೆ ಚೆನ್ನಾಗಿ ಬರುವುದು ಮಂದಿಯ ದನಿಯನ್ನು ಇದ್ದ ಹಾಗೇ ತೆಗೆದು ಅಣಕಿಸುವುದು. ಹೆಡ್ ಮೇಡಂ ಕೆಮ್ಮು, ಕಂಡಕ್ಟರನ ಸೀಟಿ, ನನ್ನದೇ ಹರಕು ಇಂಗ್ಲಿಷು, ಯಾವುದನ್ನೂ ಬಿಟ್ಟಿಲ್ಲ.

ಬಿಟ್ಟದ್ದು ಶನಿವಾರದ ತಕರಾರಿನ ತಾಸು ಒಂದನ್ನೇ. ಭಾಲ್ಕಿಯಿಂದ ಬಸ್ಸು ಬದಲಿಸಿ ಬರುತ್ತಿದ್ದ ಟೀಚರಮ್ಮ ಒಂದು ಜಮಖಾನ ಹಾಸುತ್ತಿದ್ದರು. ಯಾರ ಮೇಲೆ ತಕರಾರು ಇದೆಯೋ ಅವರು ಅದರ ಮೇಲೆ ಕೂರಬೇಕು, ಹೇಳುವವರು ಮುಗಿಸುವ ತನಕ ತುಟಿ ಬಿಚ್ಚಬಾರದು. ಮಾತಿಗಿಂತ ಮೊದಲು ಕೈ ಎತ್ತುತ್ತಿದ್ದ ಮಕ್ಕಳು ಅಲ್ಲಿ ಕೇಳುವುದನ್ನು ಕಲಿತಿದ್ದರು. ಈ ವರ್ಷ ಟೀಚರಮ್ಮನಿಗೆ ಶಾಲೆಯ ಹಳೆಯ ವಿದ್ಯಾರ್ಥಿಗಳು ಕೊಡುತ್ತಿದ್ದ ಗೌರವಧನ ನಿಂತುಹೋಯಿತು. ಬೇರೆಲ್ಲಿಂದಾದರೂ ಅನುದಾನ ಸಿಗದಿದ್ದರೆ ಅವರು ಬರುವುದೂ ನಿಲ್ಲುತ್ತಿತ್ತು.

ಬೀದರಿನ ನೌಬಾದದಲ್ಲಿ ಒಂದು ಟ್ರಸ್ಟು, ಮಕ್ಕಳ ನಡತೆ ತಿದ್ದುವ ಶಾಲೆಗಳಿಗೆ ದುಡ್ಡು ಕೊಡುತ್ತದಂತೆ. ಹೆಡ್ ಮೇಡಂ ಜೊತೆ ಹೋದೆ. ತಕರಾರಿನ ತಾಸಿನ ವಿಷಯ ಕೇಳಿ ಅಲ್ಲಿನ ಸಾಹೇಬರು ಮೂಗಿನಲ್ಲೇ ಮಾತಾಡಿದರು.

“ಜಗಳ ಯಾಕ ತೋರಸ್ತೀರಿ ಮೇಡಂ? ದಾನ ಕೊಡೋರು ಅದನ್ನ ನೋಡ್ತಾರೇನ್ರಿ? ಒಬ್ಬಾಕಿ ಕೆಟ್ಟ ಹುಡುಗಿ ಬೇಕು. ಸುಧಾರಿಸಿರಬೇಕು. ಅಳಬೇಕು.”

“ನಮ್ಮ ಸಾಲ್ಯಾಗ ಅಂಥಾಕಿ ಯಾರೂ ಇಲ್ರೀ.”

“ಇಲ್ಲಂದ್ರ ಮಾಡ್ರಿ.”

ಹೇಸಿಗೆ ಅನಿಸಿತು. ಆದರೂ ಇಬ್ಬರೂ ತಲೆಯಾಡಿಸಿ ಬಂದೆವು. ಬಸ್ಸಿನಲ್ಲಿ ಸಾಹೇಬರ ದನಿ ತೆಗೆದೆ, ಮೇಡಂ ನಗಲಿಲ್ಲ.

ಮುಂದಿನ ವಾರ ಸಾಹೇಬರು ಕ್ಯಾಮೆರಾದವನ ಸಮೇತ ಬಂದರು. ಆರನೆಯ ತರಗತಿಯ ಚುರುಕು ಹುಡುಗಿಯೊಬ್ಬಳಿಗೆ, “ನಾ ಮೊದಲ ಕಳ್ಳತನ ಮಾಡ್ತಿದ್ದೆ” ಎಂದು ಹೇಳಿಸಿದರು. ಪೆನ್ಸಿಲು ಸಹ ಕದ್ದವಳಲ್ಲ ಅವಳು. ಅಳು ಬರಲಿಲ್ಲ. ಸಾಹೇಬರು ಕಿಸೆಯಿಂದ ತಲೆನೋವಿನ ಮುಲಾಮು ತೆಗೆದು ಅವಳ ಕಣ್ಣ ಕೆಳಗೆ ಸವರಿದರು.

“ವಾಹ್! ಹಿಂಗ ಬರ್ಬೇಕು!”

ಹೆಡ್ ಮೇಡಂ ಎದ್ದು ಸೆರಗಿನಿಂದ ಹುಡುಗಿಯ ಮುಖ ಒರೆಸಿದರು. “ಸಾಕ್ರೀ, ಬಂದ್ ಮಾಡ್ರಿ.”

ಹುಡುಗಿ ಕಣ್ಣು ಮುಚ್ಚಿಕೊಂಡೇ ಹೇಳಿದಳು: “ಸರ್, ನಿಮ್ಮ ಮ್ಯಾಲ ನಂದು ತಕರಾರು ಅದ. ಜಮಖಾನದ ಮ್ಯಾಲ ಕೂಡ್ರಿ.”

“ಎಷ್ಟ್ ಚಂದ ಮಾತಾಡ್ತದ ನೋಡ್ರಿ! ಇದನ್ನೂ ತಗೋಳೋ.” ಕ್ಯಾಮೆರಾದವನಿಗೆ ಹೀಗೆ ಹೇಳಿ, ಸಾಹೇಬರು ಹಾಸಿದ್ದ ಜಮಖಾನವನ್ನು ಬೂಟಿನ ಕಾಲಲ್ಲೇ ತುಳಿದು ಕಾರು ಹತ್ತಿದರು.

ಅನುದಾನ ಬರಲಿಲ್ಲ. ವಿಡಿಯೊ ಬಂತು. ಊರಿನ ಎಲ್ಲರ ಮೊಬೈಲಿನಲ್ಲಿ ನಮ್ಮ ಹುಡುಗಿ ಅಳುತ್ತ ದಾನ ಬೇಡುತ್ತಿದ್ದಳು. ತೆಗೆಸಿರಿ ಎಂದು ಮೇಡಂ ಫೋನು ಮಾಡಿದರೆ ಆ ಕಡೆಯಿಂದ, “ಭಾಳ ಮಂದಿ ಮೆಚ್ಚ್ಯಾರ್ರೀ ಮೇಡಂ!”

ಟೀಚರಮ್ಮ ಬಂದ ಕೊನೆಯ ಶನಿವಾರ ಹುಡುಗಿ ಎದ್ದು ನಿಂತಳು. “ಆ ಸಾಹೇಬರ ಮ್ಯಾಲ ಹೇಳದು ಅದ.”

“ಅವರು ಇಲ್ಲಲ್ಲವ್ವಾ.”

“ನಮ್ಮ ಸರ್ ಅವರ ದನಿ ತೆಗಿತಾರಲ್ರೀ. ಅವರ ಬದಲಿ ಕೂಡಲಿ.”

ಎಲ್ಲರೂ ನನ್ನ ಕಡೆ ತಿರುಗಿದರು. ಕೂತೆ. ಮೂಗಿನ ದನಿ ಗಂಟಲ ತನಕ ಬಂದಿತ್ತು, ಒಂದು ಮಾತಿಗೆ ಇಡೀ ತರಗತಿ ನಕ್ಕುಬಿಡುತ್ತಿತ್ತು. ನುಂಗಿಕೊಂಡೆ.

ಅವಳು ಮುಲಾಮಿನ ಉರಿ ಹೇಳಿದಳು. ತಾನು ಹೋದರೆ ಅಂಗಡಿಯವನು ಚಾಕಲೇಟಿನ ಡಬ್ಬಿ ಒಳಗೆ ಸರಿಸುವುದನ್ನು ಹೇಳಿದಳು. ಪಕ್ಕದ ಮನೆಯ ಗೆಳತಿ ಈಗ ಒಳಗೆ ಕರೆಯದೆ ಹೊಸ್ತಿಲಲ್ಲೇ ನಿಲ್ಲಿಸಿ ಮಾತಾಡಿಸುವುದನ್ನು ಹೇಳಿದಳು. ಹೊರಗೆ ಭಾಲ್ಕಿ ಕಡೆಯ ಬಸ್ಸು ಹಾರ್ನ್ ಹೊಡೆದು ಹೋಯಿತು. ಟೀಚರಮ್ಮ ಏಳಲಿಲ್ಲ. ಹುಡುಗಿ ಇನ್ನೂ ಮುಗಿಸಿರಲಿಲ್ಲ.